‘ರಿಲೇ ಹಾಕ್ಲಾ ಸಾರ್, ಡೈರೆಕ್ಟ್ ಮಾಡ್ಲಾ?’

ಶಿವಮೊಗ್ಗ: ನಂಬರ್ ಪ್ಲೇಟ್ ನೋಡುವ ಅಗತ್ಯವೇ ಇಲ್ಲ. ಡ್ಯಾಶ್ ಬೋರ್ಡ್ ಕಡೆ ಒಮ್ಮೆ ಕಣ್ಣು ಹಾಯಿಸಿದರೆ ಸಾಕು, ಕಾರು ಮಲೆನಾಡಿನದೋ ಬಯಲುಸೀಮೆಯದೋ ಹೇಳಿಬಿಡಬಹುದು. ಸ್ಟೀರಿಂಗಿನ ಕೆಳಗೆ ತೂತು ಕೊರೆದು ಕೂರಿಸಿದ ಮೂರು ನಾಲ್ಕು ಸ್ವಿಚ್ಚು ಕಂಡರೆ ಅದು ಘಾಟಿ ಹತ್ತಿಳಿಯುವ ಗಾಡಿ. ಒಂದು ಸ್ವಿಚ್ಚು ಮಂಜಿನ ದೀಪಕ್ಕೆ, ಒಂದು ಜೋಡಿ ಹಾರ್ನಿಗೆ, ಇನ್ನೊಂದು ರೇಡಿಯೇಟರ್ ಫ್ಯಾನಿಗೆ. ನಾಲ್ಕನೆಯದು ಯಾವುದಕ್ಕೆಂದು ಕೇಳಿದರೆ ಮಾಲೀಕರೇ ತಲೆ ಕೆರೆದುಕೊಳ್ಳುತ್ತಾರೆ.

ಇದನ್ನೆಲ್ಲ ಶೋಕಿ ಎಂದು ತಳ್ಳಿಹಾಕುವಂತಿಲ್ಲ. ಆಷಾಢದ ಮಳೆಯಲ್ಲಿ ಆಗುಂಬೆ ಘಾಟಿಯ 14 ತಿರುವುಗಳನ್ನು ಇಳಿದು ಸೋಮೇಶ್ವರ ಮುಟ್ಟಿದವರಿಗೆ ಗೊತ್ತು, ಕಂಪನಿಯವರು ಕೊಟ್ಟ ದೀಪ ಎಷ್ಟರಮಟ್ಟಿಗೆ ಸಾಲುತ್ತದೆ ಎಂದು. ಹುಲಿಕಲ್ ಕಡೆಯ ಕತೆಯೂ ಅದೇ. ಮಂಜು ಕವಿದರೆ ಎದುರಿನ ಬಸ್ಸು ಹತ್ತು ಮಾರು ದೂರಕ್ಕೆ ಬರುವ ತನಕ ಕಾಣುವುದಿಲ್ಲ. ಬಂಪರಿನ ಕೆಳಗೆ ಒಂದು ಜೊತೆ ಹಳದಿ ದೀಪ ಇದ್ದರೆ ಕಡೇಪಕ್ಷ ರಸ್ತೆಯ ಅಂಚಾದರೂ ಕಾಣುತ್ತದೆ. ಅಂತೂ ಬಯಕೆ ನ್ಯಾಯವಾದದ್ದೇ. ಎಡವಟ್ಟಾಗುವುದು ಅದನ್ನು ಹಾಕಿಸುವ ರೀತಿಯಲ್ಲಿ.

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಆಗಲಿ, ಬೇರೆ ಯಾವ ಊರಿನ ಗ್ಯಾರೇಜ್ ಸಾಲೇ ಆಗಲಿ, ವೈರಿಂಗ್ ಅಂಗಡಿಯ ಮುಂದೆ ನಡೆಯುವ ಮಾತುಕತೆ ಹೆಚ್ಚುಕಡಿಮೆ ಹೀಗೆ:

‘ಭಾಯ್, ಒಂದ್ ಜೊತೆ ಫಾಗ್ ಲ್ಯಾಂಪ್ ಹಾಕ್ಬೇಕಿತ್ತು.’

‘ಹಾಕೋಣ ಸಾರ್. ರಿಲೇ ಹಾಕ್ಲಾ, ಡೈರೆಕ್ಟ್ ಮಾಡ್ಲಾ?’

‘ಡೈರೆಕ್ಟ್ ಆದ್ರೆ ಎಷ್ಟಾಗುತ್ತೆ?’

ಮುಗಿಯಿತು. ‘ಡೈರೆಕ್ಟ್’ಗೆ ದುಡ್ಡು ಕಮ್ಮಿ, ಹೊತ್ತೂ ಕಮ್ಮಿ. ಗಿರಾಕಿಗೆ ಉಡುಪಿಗೆ ಹೋಗುವ ಅವಸರ, ಮೇಸ್ತ್ರಿಗೆ ಹಿಂದೆ ನಿಂತ ಇನ್ನೆರಡು ಗಾಡಿಯ ಅವಸರ. ಅರ್ಧ ಗಂಟೆಯಲ್ಲಿ ದೀಪ ಉರಿಯುತ್ತದೆ. ಎಷ್ಟು ದಿನ ಉರಿಯುತ್ತದೆ, ದೀಪದ ಜೊತೆಗೆ ಇನ್ನೇನೇನು ಉರಿಯುತ್ತದೆ ಎಂಬುದು ಆಮೇಲಿನ ಮಾತು.

ಹನ್ನೆರಡು ವೋಲ್ಟ್ ತಾನೇ!

ಕಾರಿನ ಬ್ಯಾಟರಿ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಇದೊಂದೇ ಕಾರಣಕ್ಕೆ ನಮ್ಮ ಜನಕ್ಕೆ ಅದರ ಮೇಲೆ ಸಲಿಗೆ ಜಾಸ್ತಿ. ಮನೆಯ 230 ವೋಲ್ಟ್ ಕಂಡರೆ ಚಪ್ಪಲಿ ಹಾಕಿಕೊಂಡು ಮುಟ್ಟುವ ಮಹಾಶಯರು, ಕಾರಿನ ವೈರನ್ನು ಹಲ್ಲಲ್ಲಿ ಸುಲಿದು ತಿರುಚಿ ಬಿಡುತ್ತಾರೆ. ಆದರೆ ಬೆಂಕಿ ಹೊತ್ತಿಸುವುದಕ್ಕೆ ವೋಲ್ಟಿಗಿಂತ ಆಂಪಿಯರ್ ಮುಖ್ಯ. ಸ್ಟಾರ್ಟರ್ ತಿರುಗಿಸುವ ಹೊತ್ತಿಗೆ ಇದೇ ಬ್ಯಾಟರಿ ನೂರು ಆಂಪಿಯರಿಗೂ ಮೀರಿ ಕೊಡುತ್ತದೆ. ಫ್ಯೂಸ್ ಇಲ್ಲದ ತೆಳ್ಳಗಿನ ವೈರೊಂದು ಬಾಡಿಗೆ ತಗುಲಿದರೆ ಅಷ್ಟೂ ಆಂಪಿಯರ್ ಆ ವೈರಿನಲ್ಲೇ ಹರಿಯುತ್ತದೆ. ಕ್ಷಣದಲ್ಲಿ ತಾಮ್ರ ಕೆಂಪಗಾಗಿ, ಮೇಲಿನ ಪ್ಲಾಸ್ಟಿಕ್ ಕರಗಿ, ಪಕ್ಕದ ವೈರುಗಳೂ ಸೇರಿಕೊಳ್ಳುತ್ತವೆ. ಡ್ಯಾಶ್ ಬೋರ್ಡಿನ ಒಳಗೆ ಇರುವುದೆಲ್ಲ ಫೋಮು, ಬಟ್ಟೆ, ಪ್ಲಾಸ್ಟಿಕ್.

ಲೆಕ್ಕ ಅಂಗಡಿಯವರಿಗೆ ಕಷ್ಟವಲ್ಲ. 55 ವಾಟಿನ ಎರಡು ದೀಪ ಎಂದರೆ 110 ವಾಟ್. ಅದನ್ನು 12ರಿಂದ ಭಾಗಿಸಿ. ಒಂಬತ್ತು ಆಂಪಿಯರಿಗೂ ಚೂರು ಜಾಸ್ತಿ. ನೂರು ವಾಟಿನ ಬಲ್ಬನ್ನೇ ಹಾಕು ಎಂದು ಹಟ ಹಿಡಿದವರಿಗೆ ಹದಿನಾರು ದಾಟುತ್ತದೆ. ಡ್ಯಾಶ್ ಬೋರ್ಡಿನ ಮೇಲೆ ಅಂದವಾಗಿ ಕೂರುವ ಪುಟ್ಟ ಸ್ವಿಚ್ಚು ಇಷ್ಟನ್ನು ಹೊರಲಾರದು. ಒಳಗಿನ ಪಾಯಿಂಟು ಕಾಯ್ದು ಕಪ್ಪಾಗುತ್ತದೆ, ಸ್ವಿಚ್ಚು ಮೆತ್ತಗಾಗುತ್ತದೆ, ಒಂದು ದಿನ ಆಫ್ ಮಾಡಿದರೂ ಆಫ್ ಆಗುವುದಿಲ್ಲ. ‘ಏನೋ ಸುಟ್ಟ ವಾಸನೆ ಬರ್ತಾ ಇದೆ ಅಲ್ವಾ?’ ಎಂದು ಹಿಂದಿನ ಸೀಟಿನವರು ಕೇಳುವುದು ಆಗಲೇ.

ರಿಲೇ ಎಂಬ ಬೆಂಕಿಪೊಟ್ಟಣದ ಗಾತ್ರದ ಡಬ್ಬಿ ಇರುವುದು ಇದಕ್ಕೇ. ಸ್ವಿಚ್ಚಿನಿಂದ ಹೋಗುವುದು ಬರೀ ಸನ್ನೆ, ಹೊರೆ ಹೊರುವುದು ರಿಲೇ. ಸನ್ನೆಗೆ ಬೇಕಾದದ್ದು ಕಾಲು ಆಂಪಿಯರಿಗಿಂತಲೂ ಕಡಿಮೆ, ಹಾಗಾಗಿ ಡ್ಯಾಶ್ ಬೋರ್ಡಿಗೆ ಸಣ್ಣ ವೈರು ಸಾಕು. ದಪ್ಪ ವೈರು ಬಾನೆಟ್ಟಿನ ಒಳಗೇ ಬ್ಯಾಟರಿಯಿಂದ ದೀಪಕ್ಕೆ ಹೋಗುತ್ತದೆ, ಕಾರಿನೊಳಗೆ ತಲೆ ಹಾಕುವುದೇ ಇಲ್ಲ. ರಿಲೇಯ ಕಾಲುಗಳ ಪಕ್ಕ ಅಂಕಿ ಕೆತ್ತಿರುತ್ತಾರೆ. 30ಕ್ಕೆ ಬ್ಯಾಟರಿಯ ವೈರು, 87ಕ್ಕೆ ದೀಪದ್ದು, 85 ಮತ್ತು 86ಕ್ಕೆ ಸ್ವಿಚ್ಚು ಮತ್ತು ಅರ್ತ್. ಜರ್ಮನಿಯ ಪದ್ಧತಿಯ ಈ ಅಂಕಿಗಳು ಯಾವ ಕಂಪನಿಯ ರಿಲೇ ತಂದರೂ ಸಾಮಾನ್ಯವಾಗಿ ಅವೇ. ಅಷ್ಟನ್ನು ನೆನಪಿಟ್ಟುಕೊಂಡರೆ ಹುಡುಗನೂ ಹಾಕಬಲ್ಲ.

ಬೇಗಡೆ ಸುತ್ತಿದ ಫ್ಯೂಸು

ಇನ್ನು ಫ್ಯೂಸ್ ಸಮಾಚಾರ. ಫ್ಯೂಸ್ ಇರುವುದು ದೀಪ ಕಾಯುವುದಕ್ಕೆ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ಫ್ಯೂಸ್ ಕಾಯುವುದು ವೈರನ್ನು. ಆದ್ದರಿಂದ ಅದು ಬ್ಯಾಟರಿಯ ಪಕ್ಕದಲ್ಲೇ, ಒಂದು ಗೇಣಿನೊಳಗೆ ಇರಬೇಕು. ದೀಪದ ಹತ್ತಿರ ಫ್ಯೂಸ್ ಹಾಕಿದರೆ ಬ್ಯಾಟರಿಯಿಂದ ಅಲ್ಲಿಯತನಕದ ವೈರಿಗೆ ಕಾವಲೇ ಇಲ್ಲ. ಗೋಡೌನಿನ ಬಾಗಿಲು ತೆರೆದಿಟ್ಟು ಗಲ್ಲಾಪೆಟ್ಟಿಗೆಗೆ ಬೀಗ ಹಾಕಿದ ಹಾಗೆ.

ಎಷ್ಟು ಆಂಪಿಯರಿನ ಫ್ಯೂಸ್ ಎಂಬುದಕ್ಕೆ ಬಣ್ಣವೇ ಸಾಕ್ಷಿ. ಈಗಿನ ಬ್ಲೇಡ್ ಫ್ಯೂಸಿನಲ್ಲಿ ಕೆಂಪು 10, ನೀಲಿ 15, ಹಳದಿ 20, ಹಸಿರು 30. ಒಂಬತ್ತು ಚಿಲ್ಲರೆ ಆಂಪಿಯರಿನ ದೀಪಕ್ಕೆ ನೀಲಿ ಸಾಕು, ಅದಕ್ಕೆ ತಕ್ಕ ವೈರಿರಬೇಕು ಅಷ್ಟೆ. ಆದರೆ ಆಗುವುದೇನು? ನೀಲಿ ಫ್ಯೂಸು ಎರಡು ಸಲ ಸುಟ್ಟಿತು. ಯಾಕೆ ಸುಟ್ಟಿತು ಎಂದು ಹುಡುಕುವ ಬದಲು ಮೂರನೇ ಸಲ ಹಸಿರು ಹಾಕುತ್ತಾರೆ. ಅದೂ ಹೋದರೆ ಸಿಗರೇಟ್ ಪ್ಯಾಕಿನ ಬೇಗಡೆ. ಗಾಜಿನ ಫ್ಯೂಸಿದ್ದ ಅಂಬಾಸಿಡರ್, ಪದ್ಮಿನಿ ಕಾಲದಿಂದ ಬಂದ ವಿದ್ಯೆ ಇದು. ಅಂಬಾಸಿಡರ್ ತಯಾರಿ 2014ರಲ್ಲೇ ನಿಂತುಹೋಯಿತು, ಬೇಗಡೆ ವಿದ್ಯೆ ಮಾತ್ರ ಉಳಿದುಕೊಂಡಿದೆ.

ವೈರು ಕೊಳ್ಳುವಾಗಲೂ ಅಷ್ಟೇ. ಅಂಗಡಿಯಲ್ಲಿ 14/76, 23/76, 40/76 ಎಂದು ಕೇಳುತ್ತಾರಲ್ಲ, ಅದರ ಗುಟ್ಟು ಇಷ್ಟು: ಮೊದಲ ಅಂಕಿ ಒಳಗಿನ ತಾಮ್ರದ ಎಳೆಗಳ ಲೆಕ್ಕ, ಎರಡನೆಯದು ಒಂದೊಂದು ಎಳೆಯ ದಪ್ಪ, ಇಂಚಿನ ಹತ್ತು ಸಾವಿರದ ಎಪ್ಪತ್ತಾರು ಭಾಗ. ಎಳೆ ಹೆಚ್ಚಿದಷ್ಟೂ ಹೊರುವ ಶಕ್ತಿ ಹೆಚ್ಚು. ಮನೆ ವೈರಿಂಗಿನಲ್ಲಿ ಮಿಕ್ಕ ದಪ್ಪ ಎಳೆಯ ವೈರನ್ನು ತಂದು ‘ಇದನ್ನೇ ಹಾಕಿ ಭಾಯ್, ಹೊಸದೇ ಇದೆ’ ಎನ್ನುವ ಗಿರಾಕಿಗಳಿಗೇನೂ ಕಮ್ಮಿಯಿಲ್ಲ. ಗೋಡೆಯೊಳಗಿನ ವೈರು ಅಲುಗಾಡುವುದಿಲ್ಲ, ಕಾರಿನದು ದಿನವಿಡೀ ನಡುಗುತ್ತದೆ. ದಪ್ಪ ಎಳೆ ನಡುಗಿ ನಡುಗಿ ಒಳಗೇ ತುಂಡಾಗುತ್ತದೆ. ಹೊರಗೆ ಏನೂ ಕಾಣದು.

ತುಂಡಾಗುವ ಇನ್ನೊಂದು ಜಾಗ ಎಂಜಿನ್ನಿಗೂ ಕಾಲಿಡುವ ಜಾಗಕ್ಕೂ ನಡುವಿನ ತಗಡು. ತೂತಿಗೆ ರಬ್ಬರ್ ಬುಷ್ ಹಾಕದೆ ವೈರು ತೂರಿಸಿದರೆ ತಗಡಿನ ಅಂಚು ಗರಗಸದ ಹಾಗೆ ಕೆಲಸ ಮಾಡುತ್ತದೆ. ಒಂದು ಮಳೆಗಾಲ ತಡೆದರೆ ಹೆಚ್ಚು. ಬುಷ್ಷಿನ ಬೆಲೆ ಒಂದು ಟೀ ದುಡ್ಡು.

ಮಳೆಗಾಲ ಎಂದ ಮೇಲೆ ಜಾಯಿಂಟಿನ ಮಾತು ಬರಲೇಬೇಕು. ಎರಡು ವೈರು ಸುಲಿದು, ತಿರುಚಿ, ಕಪ್ಪು ಟೇಪ್ ಸುತ್ತುವುದು ನಮ್ಮ ಕಡೆಯ ರೂಢಿ. ಬೇಸಿಗೆಯಲ್ಲಿ ಬಾನೆಟ್ ಬಿಸಿಗೆ ಟೇಪಿನ ಅಂಟು ಕರಗಿ ಜಾರುತ್ತದೆ. ಜೂನ್ ಬಂತೆಂದರೆ ನೀರು ಒಳಗಿಳಿದು ತಾಮ್ರ ಹಸಿರುಗಟ್ಟುತ್ತದೆ. ಹಸಿರುಗಟ್ಟಿದ ಜಾಯಿಂಟ್ ಕರೆಂಟನ್ನು ತಡೆದು ಕಾಯುತ್ತದೆ. ಲಗ್ಗು ಹಾಕಿ ಒತ್ತಿ, ಅದರ ಮೇಲೆ ಬಿಸಿಗೆ ಕುಗ್ಗುವ ಸ್ಲೀವ್ ಹಾಕಿದರೆ ಈ ರಗಳೆ ಇಲ್ಲ. ಆದರೂ ಅಡಿಕೆ ಚೀಲದ ಪಕ್ಕ ಕಾರು ನಿಲ್ಲಿಸುವ ಮನೆಗಳಲ್ಲಿ ಇಲಿ ಒಂದು ಇದ್ದೇ ಇದೆ. ಅದಕ್ಕೆ ಕಂಪನಿ ವೈರೂ ಒಂದೇ, ಭಾಯ್ ಹಾಕಿದ ವೈರೂ ಒಂದೇ.

ಮುಳ್ಳು ಕಾಣದ ಹೊಸ ಕಾರುಗಳು

ದೀಪದ ಮಾತು ಹೀಗಾದರೆ ಮೀಟರಿನದು ಇನ್ನೊಂದು. ಎಂಜಿನ್ ಎಷ್ಟು ಬಿಸಿಯಾಗಿದೆ ಎಂದು ತೋರಿಸುವ ಮುಳ್ಳು ಹಿಂದೆ ಸಾಮಾನ್ಯ ಕಾರುಗಳಲ್ಲೂ ಇರುತ್ತಿತ್ತು. ಈಗಿನ ಎಷ್ಟೋ ಕಾರುಗಳಲ್ಲಿ ಅದು ಮಾಯ. ತಣ್ಣಗಿದ್ದರೆ ಒಂದು ನೀಲಿ ದೀಪ, ಮಿತಿಮೀರಿ ಕಾಯ್ದರೆ ಒಂದು ಕೆಂಪು ದೀಪ, ನಡುವೆ ಏನೂ ಇಲ್ಲ. ಘಾಟಿ ಏರಿನಲ್ಲಿ ಐದು ಜನ, ಮೇಲೆ ಲಗೇಜು, ಎಸಿ ಬೇರೆ. ಸರಿಯಾಗಿರುವ ಎಂಜಿನ್ನಿನ ನೀರು ಸಾಮಾನ್ಯವಾಗಿ 85ರಿಂದ 95 ಡಿಗ್ರಿಯ ಆಸುಪಾಸು ಇರುತ್ತದೆ. ಮುಳ್ಳು ಮೆಲ್ಲನೆ ಮೇಲೇರುವುದು ಕಂಡರೆ ಚಾಲಕ ಎಸಿ ಆರಿಸಿ, ಬದಿಗೆ ನಿಲ್ಲಿಸಿ ಸುಧಾರಿಸಿಕೊಳ್ಳಬಹುದು. ಕೆಂಪು ದೀಪ ಹತ್ತುವ ಹೊತ್ತಿಗೆ ಕೆಲವು ಸಲ ಗ್ಯಾಸ್ಕೆಟ್ಟೇ ಹೋಗಿರುತ್ತದೆ. ಅಲ್ಯೂಮಿನಿಯಂ ಹೆಡ್ ಸೊಟ್ಟಗಾದರೆ ಬಿಲ್ಲು ಸಾವಿರಗಳ ಲೆಕ್ಕದಲ್ಲಿ. ಬಾಡಿಗೆ ಓಡಿಸಿ ಕಂತು ಕಟ್ಟುವ ಟ್ಯಾಕ್ಸಿಯವರು ಮೀಟರ್ ಹಾಕಿಸುವುದು ಇದಕ್ಕಾಗಿ.

ಈ ಮೀಟರಿಗೆ ಎಂಜಿನ್ನಿನಲ್ಲಿ ತನ್ನದೇ ಸೆನ್ಸರ್ ಬೇಕು. ಬಿಸಿ ಏರಿದಂತೆ ಸೆನ್ಸರಿನ ತಡೆ ಇಳಿಯುತ್ತದೆ, ಕರೆಂಟ್ ಹೆಚ್ಚು ಹರಿದು ಮುಳ್ಳು ಏಳುತ್ತದೆ. ಅದಕ್ಕೆ ಅರ್ತ್ ಸಿಗುವುದು ತನ್ನ ಮರೆಯ ಮೂಲಕ ಎಂಜಿನ್ನಿನ ಲೋಹದಿಂದ. ನೀರು ಸೋರದಿರಲಿ ಎಂದು ಮರೆಗೆ ಬಿಳಿ ಟೇಪನ್ನು ಐದಾರು ಸುತ್ತು ಸುತ್ತಿದರೆ ಅರ್ತೇ ಕಟ್. ಆಗ ಎಂಜಿನ್ ಕುದಿಯುತ್ತಿದ್ದರೂ ಮುಳ್ಳು ‘ತಣ್ಣಗಿದೆ’ ಎನ್ನುತ್ತದೆ. ಇಲ್ಲದ ಮೀಟರಿಗಿಂತ ಸುಳ್ಳು ಹೇಳುವ ಮೀಟರ್ ಅಪಾಯ. ಖರ್ಚು ಉಳಿಸಲು ಕಂಪನಿಯ ಸೆನ್ಸರಿಗೇ ಇನ್ನೊಂದು ವೈರು ಕಟ್ಟುವವರೂ ಉಂಟು. ಆ ಸೆನ್ಸರ್ ನಂಬಿಕೊಂಡು ಕಂಪ್ಯೂಟರು ಪೆಟ್ರೋಲ್ ಅಳೆಯುತ್ತದೆ. ಅದಕ್ಕೆ ಲೆಕ್ಕ ತಪ್ಪಿಸಿದರೆ ಮೈಲೇಜು ಕೆಟ್ಟಿತು, ಹೊಗೆ ಬಂತು, ಎಂಜಿನ್ ದೀಪ ಹತ್ತಿತು ಎಂದು ಮೂರು ಗ್ಯಾರೇಜು ಸುತ್ತಬೇಕಾದೀತು.

ಆಂಪಿಯರ್ ಮೀಟರ್ ಹಾಕಿಸುವ ಹಳೇ ಚಾಳಿಯನ್ನು ಬಿಡುವುದು ವಾಸಿ. ಅದು ಕೆಲಸ ಮಾಡಬೇಕಾದರೆ ಬ್ಯಾಟರಿಗೆ ಹೋಗುವ ಬರುವ ಕರೆಂಟೆಲ್ಲ ಡ್ಯಾಶ್ ಬೋರ್ಡಿಗೆ ಬಂದು ಹೋಗಬೇಕು. ಡೈನಮೊ ಇಪ್ಪತ್ತು ಆಂಪಿಯರ್ ಕೊಡುತ್ತಿದ್ದ ಕಾಲಕ್ಕೆ ಸರಿ, ಈಗಿನ ಆಲ್ಟರ್ನೇಟರ್ ಎಪ್ಪತ್ತು ಎಂಬತ್ತು ಕೊಡುತ್ತದೆ. ಬದಲಿಗೆ ವೋಲ್ಟ್ ಮೀಟರ್ ಸಾಕು. ಗಾಡಿ ನಿಂತಾಗ 12.6, ಓಡುವಾಗ ಸಾಮಾನ್ಯವಾಗಿ 13.8ರಿಂದ 14.4. ಓಡುವಾಗಲೂ 12ಕ್ಕೆ ಇಳಿದರೆ ಚಾರ್ಜ್ ಆಗುತ್ತಿಲ್ಲ ಎಂದರ್ಥ, 15 ದಾಟಿದರೆ ರೆಗ್ಯುಲೇಟರ್ ಕೈಕೊಟ್ಟಿದೆ. ಆಯಿಲ್ ಪ್ರೆಷರ್ ಮೀಟರಿನಲ್ಲಿ ಸಣ್ಣ ನಳಿಗೆಯದು ಅಗ್ಗ. ಆದರೆ ಆ ನಳಿಗೆಯಲ್ಲಿ ಎಂಜಿನ್ನಿನ ಬಿಸಿ ಆಯಿಲ್ಲೇ ಡ್ಯಾಶ್ ಬೋರ್ಡಿನ ತನಕ ಬರುತ್ತದೆ. ಒಡೆದರೆ ಚಾಲಕನ ಕಾಲ ಮೇಲೆ.

ಇವಕ್ಕೆಲ್ಲ ಕರೆಂಟ್ ತೆಗೆಯಬೇಕಾದ್ದು ಕೀಲಿ ಹಾಕಿದಾಗ ಮಾತ್ರ ಜೀವ ಬರುವ ಲೈನಿನಿಂದ. ಹಿಂದೆ ಲೂಕಾಸ್ ಪದ್ಧತಿಯ ವೈರಿನ ಬಣ್ಣ ಹಿರಿಯ ಮೇಸ್ತ್ರಿಗಳಿಗೆ ಬಾಯಿಪಾಠ. ಕಂದು ಎಂದರೆ ಬ್ಯಾಟರಿಯಿಂದ ನೇರ, ಬಿಳಿ ಇಗ್ನಿಷನ್, ಹಸಿರು ಎಂದರೆ ಇಗ್ನಿಷನ್ನಿನಿಂದ ಫ್ಯೂಸ್ ದಾಟಿ ಬಂದದ್ದು, ಕಪ್ಪು ಅರ್ತ್. ಕಣ್ಣುಮುಚ್ಚಿ ಹಸಿರಿಗೆ ಕೈ ಹಾಕಿದರೆ ಆಯಿತು. ಹೊಸ ಕಾರಿನಲ್ಲಿ ಒಂದೊಂದು ಕಂಪನಿಗೆ ಒಂದೊಂದು ಬಣ್ಣ. ಒಂದೇ ಜೊತೆ ವೈರಿನಲ್ಲಿ ಹತ್ತು ಕಂಪ್ಯೂಟರುಗಳು ಮಾತಾಡಿಕೊಳ್ಳುತ್ತಿರುತ್ತವೆ. ಟೆಸ್ಟ್ ಲ್ಯಾಂಪ್ ಚುಚ್ಚಿ ನೋಡುವ ಕಾಲ ಹೋಯಿತು. ಹಳದಿ ಕಪ್ಲರ್ ಕಂಡರೆ ಕೈ ಹಿಂದಕ್ಕೆ ತೆಗೆಯಬೇಕು, ಅದು ಸಾಮಾನ್ಯವಾಗಿ ಏರ್ ಬ್ಯಾಗಿನದು.

ವೈರು ಕತ್ತರಿಸದ ದಾರಿಯೂ ಒಂದಿದೆ. 2013ರ ಏಪ್ರಿಲ್ ನಂತರದ ಕಾರುಗಳಲ್ಲಿ ಸ್ಟೀರಿಂಗ್ ಕೆಳಗೆ ಶೋರೂಮಿನವರು ಯಂತ್ರ ಸಿಕ್ಕಿಸುವ ಒಬಿಡಿ ಎಂಬ ಸಾಕೆಟ್ ಇರುತ್ತದೆ. ಅದಕ್ಕೆ ಹೊಂದುವ ಪುಟ್ಟ ಮೀಟರ್ ಸಿಕ್ಕಿಸಿದರೆ ನೀರಿನ ಬಿಸಿ, ಬ್ಯಾಟರಿ ವೋಲ್ಟ್ ಎರಡೂ ಕಾಣುತ್ತವೆ. ತೂತಿಲ್ಲ, ಟೇಪಿಲ್ಲ. ಒಂದೇ ತಾಪತ್ರಯ: ಆ ಸಾಕೆಟ್ಟಿಗೆ ಸದಾ ಕರೆಂಟ್ ಇರುತ್ತದೆ. ಕಾರು ಹದಿನೈದು ದಿನ ನಿಲ್ಲಿಸಿ ಊರಿಗೆ ಹೋಗುವವರು ಕಿತ್ತಿಟ್ಟು ಹೋಗಬೇಕು, ಇಲ್ಲವಾದರೆ ಬಂದಾಗ ಬ್ಯಾಟರಿ ಮಲಗಿರುತ್ತದೆ.

ಚೀಟಿಯಲ್ಲಿ ಬರೆದ ಬಿಲ್ಲು

ಕಾನೂನು ಏನು ಹೇಳುತ್ತದೆ? ಕಂಪನಿ ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನ ಮಾರ್ಪಡಿಸಕೂಡದು ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ಕಾಯ್ದೆ ತಿದ್ದುಪಡಿಯಲ್ಲಿ, ಅಕ್ರಮ ಮಾರ್ಪಾಡು ಮಾಡಿಸಿದ ಮಾಲೀಕನಿಗೆ ಒಂದೊಂದು ಮಾರ್ಪಾಡಿಗೂ 5 ಸಾವಿರ ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಪುಟ್ಟ ಮೀಟರ್ ಹಾಕಿದ್ದಕ್ಕೆ ಆರ್.ಸಿ. ಪುಸ್ತಕದ ಯಾವ ವಿವರವೂ ಬದಲಾಗದು, ಅದಕ್ಕೆ ಯಾರೂ ಹೆದರಬೇಕಿಲ್ಲ. ದೀಪ, ಹಾರ್ನ್ ವಿಷಯ ಬೇರೆ. ರಾಗ ರಾಗವಾಗಿ ಕೂಗುವ ಹಾರ್ನಿಗೆ ನಿಯಮದಲ್ಲಿ ಜಾಗವಿಲ್ಲ. ಎದುರಿನವರ ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ರಾಜ್ಯದ ಪೊಲೀಸರು 2024ರ ಜುಲೈನಲ್ಲಿ ಅಭಿಯಾನವನ್ನೇ ನಡೆಸಿದರು.

ದಂಡಕ್ಕಿಂತ ದೊಡ್ಡ ಹೊಡೆತ ಇನ್ಶೂರೆನ್ಸಿನದು. ಹೊರಗಿನಿಂದ ಹಾಕಿಸಿದ ಎಲೆಕ್ಟ್ರಿಕ್ ಸಾಮಾನುಗಳಿಗೆ ಪಾಲಿಸಿಯಲ್ಲಿ ಬೇರೆಯೇ ಕಲಮು ಇದೆ, ಐಎಂಟಿ 24 ಎಂದು. ಬೆಲೆ ತಿಳಿಸಿ ಚೂರು ಪ್ರೀಮಿಯಂ ಹೆಚ್ಚು ಕಟ್ಟಿದರೆ ಅವೂ ವಿಮೆಗೆ ಸೇರುತ್ತವೆ. ಇದನ್ನು ಬರೆಸುವವರು ಎಷ್ಟು ಜನ? ಕಾರು ಸುಟ್ಟ ಮೇಲೆ ಸರ್ವೇಯರ್ ಬಂದು ಕರಗಿದ ವೈರಿನ ಗಂಟನ್ನು ಎತ್ತಿ ‘ಇದು ಕಂಪನೀದಲ್ವಲ್ಲ, ಯಾರು ಹಾಕಿದ್ದು?’ ಎಂದರೆ ತೋರಿಸಲು ಬಿಲ್ಲಿರುವುದಿಲ್ಲ. ಇರುವುದು ಸಿಗರೇಟ್ ಪ್ಯಾಕಿನ ಹಿಂದೆ ಬರೆದ ಮೊತ್ತ. ಮೇಸ್ತ್ರಿಯನ್ನೊಬ್ಬನನ್ನೇ ಬೈದು ಪ್ರಯೋಜನವಿಲ್ಲ. ಅವನು ರಿಲೇ ಹಾಕ್ಲಾ ಎಂದು ಕೇಳಿದ್ದ. ಡೈರೆಕ್ಟ್ ಎಂದವರು ನಾವೇ.

ಬಸ್ಸಿನಲ್ಲಿ ಮುಂದಿನ ಸೀಟಿನವರು ನೋಡಿ

‘ನಮಗೆಲ್ಲಿ ಕಾರು ಸ್ವಾಮಿ, ನಾವು ಬಸ್ಸಿನ ಗಿರಾಕಿ’ ಎನ್ನುವವರು ನಾಳೆ ಡ್ರೈವರ್ ಹಿಂದಿನ ಸೀಟು ಸಿಕ್ಕರೆ ಸ್ವಲ್ಪ ಕತ್ತು ಚಾಚಿ ನೋಡಬೇಕು. ಹಳೆಯ ಖಾಸಗಿ ಬಸ್ಸುಗಳಲ್ಲಿ ಸಾಲಾಗಿ ಹತ್ತು ಹನ್ನೆರಡು ಸ್ವಿಚ್ಚು. ದೇವರ ಪಟದ ಸೀರಿಯಲ್ ಸೆಟ್, ಒಳಗಿನ ನೀಲಿ ದೀಪ, ಹಾಡಿನ ಪೆಟ್ಟಿಗೆ, ಟೀವಿ, ಮೂರು ಬಗೆ ಹಾರ್ನು. ಯಾವುದಕ್ಕೂ ಹೆಸರಿಲ್ಲ. ಆ ಬಸ್ಸಿನ ಖಾಯಂ ಡ್ರೈವರಿಗೆ ಕೈಗೆ ಅಭ್ಯಾಸ. ಅವನು ರಜೆ ಹಾಕಿದ ದಿನ ಬದಲಿ ಡ್ರೈವರ್ ಜೋರು ಮಳೆಯಲ್ಲಿ ವೈಪರ್ ಎಂದು ಒತ್ತಿದರೆ ದೇವರ ದೀಪ ಹತ್ತುತ್ತದೆ.

ಬಸ್ಸಿನದು ಎರಡು ಬ್ಯಾಟರಿ ಸೇರಿದ 24 ವೋಲ್ಟ್. ಹಾಡಿನ ಪೆಟ್ಟಿಗೆ ಮುಂತಾದ ಎಷ್ಟೋ ಸಾಮಾನು 12ರದು. ಸುಲಭ ಉಪಾಯ ಎಂದು ಒಂದೇ ಬ್ಯಾಟರಿಯಿಂದ ವೈರು ಎಳೆಯುತ್ತಾರೆ. ಒಂದು ಬ್ಯಾಟರಿ ಸದಾ ಹಸಿದಿರುತ್ತದೆ, ಇನ್ನೊಂದಕ್ಕೆ ಅಜೀರ್ಣ. ಎರಡೂ ಅವಧಿಗೆ ಮುಂಚೆ ಸಾಯುತ್ತವೆ. 24ನ್ನು 12 ಮಾಡಿ ಕೊಡುವ ಕನ್ವರ್ಟರ್ ಹಾಕಿದರೆ ಮುಗಿಯುವ ಕೆಲಸ. ಹೊರಗಿನಿಂದ ಸೇರಿಸಿದ ವೈರಿಂಗ್ ಎಷ್ಟು ದುಬಾರಿಯಾಗಬಹುದು ಎಂಬ ಚರ್ಚೆ 2025ರ ಅಕ್ಟೋಬರ್ 14ರಂದು ರಾಜಸ್ಥಾನದ ಜೈಸಲ್ಮೇರ್ ಬಳಿ ಬಸ್ಸೊಂದು ಉರಿದಾಗ ದೇಶದ ತುಂಬ ನಡೆಯಿತು. ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತ ಆ ದುರಂತದಲ್ಲಿ ಮೊದಲು ಶಂಕೆ ಹೋದದ್ದು ಎಸಿಯ ಶಾರ್ಟ್ ಸರ್ಕ್ಯೂಟ್ ಮೇಲೆ.

ಮಳೆಗಾಲಕ್ಕೆ ಮುಂಚೆ ದೀಪ ಹಾಕಿಸುವವರು ಗ್ಯಾರೇಜಿನಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಕೆಲಸ ಮುಗಿದ ಮೇಲೆ ಎಂಜಿನ್ ಓಡುತ್ತಿರುವಂತೆಯೇ ಹೊಸ ದೀಪಗಳನ್ನು ಹತ್ತು ನಿಮಿಷ ಉರಿಸಿ, ಆಮೇಲೆ ಎಂಜಿನ್ ಆರಿಸಿ, ಬ್ಯಾಟರಿಯಿಂದ ಬಂದ ಹೊಸ ವೈರು, ಫ್ಯೂಸಿನ ಡಬ್ಬಿ, ಸ್ವಿಚ್ಚಿನ ಹಿಂಭಾಗ ಮೂರನ್ನೂ ಬೆರಳಿನಿಂದ ಮುಟ್ಟಿ ನೋಡಬೇಕು. ಎಲ್ಲಾದರೂ ಬಿಸಿ ತಾಗಿದರೆ ವೈರು ತೆಳುವಾಯಿತು ಅಥವಾ ಜಾಯಿಂಟ್ ಸಡಿಲ ಉಳಿಯಿತು ಎಂದೇ ಲೆಕ್ಕ. ದುಡ್ಡು ಎಣಿಸುವ ಮೊದಲೇ ಅದನ್ನು ಬಿಚ್ಚಿಸಿ ಮತ್ತೆ ಹಾಕಿಸಬೇಕು.